ಹೆಚ್ಚು ಹೊಳೆಯುವ ಚುಕ್ಕೆಯನ್ನು ಬಿಡಬೇಕು

ಬಾಟಲಿಯಲ್ಲಿರುವ ಚಿನ್ನದ ನ್ಯಾನೋಕಣಗಳ ದ್ರಾವಣ ನೋಡಲಿಕ್ಕೆ ಥೇಟ್ ಪುನರ್ಪುಳಿ ಶರಬತ್ತು. ಫ್ಯಾರಡೆ ಈ ಕೆಂಪಿನ ಬೆನ್ನು ಹತ್ತಿದ್ದು 1857ರಲ್ಲಿ. ಅದರ ಗಣಿತವನ್ನು ಗುಸ್ಟಾವ್ ಮೀ ಬಿಡಿಸಿದ್ದು 1908ರಲ್ಲಿ. ಆದರೆ ಬಾಟಲಿಯ ಬಣ್ಣವೆಂದರೆ ಕೋಟ್ಯಂತರ ಕಣಗಳ ಸರಾಸರಿ. ನನಗೆ ಬೇಕಿದ್ದದ್ದು ಒಂದೇ ಒಂದು ಕಣದ ಬಣ್ಣ. ಅದಕ್ಕಾಗಿ ಕೆಮ್ಮಣ್ಣಿನಿಂದ ಬಸ್ಸು ಹತ್ತಿ ಮಣಿಪಾಲದ ಕತ್ತಲೆ ಕೋಣೆಗೆ ಹೋಗುತ್ತಿದ್ದೆ.

ಡಾರ್ಕ್ ಫೀಲ್ಡ್ ಮೈಕ್ರೋಸ್ಕೋಪಿನಲ್ಲಿ ದೀಪದ ಬೆಳಕು ಓರೆಯಾಗಿ ಬೀಳುತ್ತದೆ, ಕಣ ಚದುರಿಸಿದ ಬೆಳಕು ಮಾತ್ರ ನಮ್ಮತ್ತ ಬರುತ್ತದೆ. 80 ನ್ಯಾನೋಮೀಟರಿನ ಚಿನ್ನದ ಗೋಲ ಕಪ್ಪು ಹಿನ್ನೆಲೆಯಲ್ಲಿ ಹಸಿರು ಚುಕ್ಕೆ. ಬೆಳಕಿನ ಅಲೆಯುದ್ದಕ್ಕಿಂತ ಕಣವೇ ಚಿಕ್ಕದಾದ್ದರಿಂದ ಆಕಾರ ಕಾಣುವುದಿಲ್ಲ.

ಕಣ್ಣು ಮೊದಲು ಓಡುವುದು ಝಗ್ಗೆನ್ನುವ ಕೆಂಪು ಚುಕ್ಕೆಗಳ ಕಡೆಗೆ. ಅವನ್ನೇ ಬಿಡಬೇಕು. ಪುಟ್ಟ ಗೋಲಗಳಲ್ಲಿ ವ್ಯಾಸ ಎರಡು ಪಟ್ಟಾದರೆ ಚದುರುವ ಬೆಳಕು ಹೆಚ್ಚುಕಡಿಮೆ 64 ಪಟ್ಟು. ಹಾಗಾಗಿ ಮೆರೆಯುವುದು ಹೆಚ್ಚಾಗಿ ಅಂಟಿಕೊಂಡ ಜೋಡಿ, ಗುಂಪುಗಳೇ. ಪಕ್ಕಪಕ್ಕದ ಕಣಗಳ ಎಲೆಕ್ಟ್ರಾನುಗಳು ಜೊತೆಗೂಡಿ ತೂಗಿದಾಗ ಬಣ್ಣ ಕೆಂಪಿಗೆ ಜರುಗುತ್ತದೆ. ಮಂಕು ಹಸಿರಾದರೂ ನಂಬುವಂತಿಲ್ಲ. ಗಾಜಿನ ಮೇಲೆ ವಜ್ರದ ಮೊನೆಯಿಂದ ಗುರುತು ಗೀರಿ, ಅದೇ ಜಾಗವನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದ ಮೇಲೆಯೇ ಆ ಸ್ಪೆಕ್ಟ್ರಮ್ ಲೆಕ್ಕಕ್ಕೆ.

ಅಮ್ಮನಿಗೆ ತೋರಿಸಲೆಂದು ಒಮ್ಮೆ ಒಂದಿಷ್ಟು ದ್ರಾವಣ ಮನೆಗೆ ತಂದಿದ್ದೆ. “ಇದರಲ್ಲಿ ಎಷ್ಟು ಪವನ್ ಉಂಟು?” ಎಂದು ಕೇಳಿದರು. ಬಳೆಯ ಲೆಕ್ಕದಲ್ಲಿ ಸೊನ್ನೆ ಎಂದೆ. ಚಿಟಿಕೆ ಉಪ್ಪು ಹಾಕಿದ್ದೇ ತಡ, ಕೆಂಪು ನೇರಳೆಯಾಗಿ, ನೀಲಿಯಾಯಿತು. “ಅಯ್ಯೋ ಮಗಾ, ಹಾಳು ಮಾಡಿದೆಯಲ್ಲ!” ಕಣಗಳನ್ನು ದೂರ ಇರಿಸುವ ಋಣ ವಿದ್ಯುದಂಶವನ್ನು ಉಪ್ಪು ಮರೆಮಾಡುತ್ತದೆ, ಅವು ಕೂಡಿಕೊಳ್ಳುತ್ತವೆ. ಬೇಸಿಗೆಯಲ್ಲಿ ಬಾವಿನೀರೇ ಉಪ್ಪಾಗುವ ನಮ್ಮ ಕರಾವಳಿಯಲ್ಲಿ ಗಾಜು ತೊಳೆಯಲು ಅಯಾನು ತೆಗೆದ ನೀರೇ ಬೇಕು.

ಹನಿಯನ್ನು ಗಾಜಿನ ಮೇಲೆ ಒಣಗಲು ಬಿಡುವುದೂ ಸಲ್ಲ. ಒಣಗುತ್ತಾ ಅದು ಕಣಗಳನ್ನೆಲ್ಲ ಅಂಚಿಗೆ ದೂಡುತ್ತದೆ. ಆಟಿಯ ಮಳೆಯಲ್ಲಂತೂ ಒಣಗುವುದೂ ಇಲ್ಲ, ಸುಮ್ಮನೆ ಕಾಯುವ ಕೆಲಸ. ಕೆಲವು ನಿಮಿಷ ಇಟ್ಟು, ತೊಳೆದು, ಸಾರಜನಕ ಊದಿದರೆ ಕಣಗಳು ಬಿಡಿಬಿಡಿಯಾಗಿ ಕೂರುತ್ತವೆ. ಬೆಳ್ಳಿಯದು ಇನ್ನೂ ಅವಸರದ ಕೆಲಸ. ಗಾಳಿಯ ಗಂಧಕದ ಅನಿಲಗಳಿಗೆ ಅದರ ಮೈ ಕಪ್ಪಾಗುತ್ತಾ ಹೋಗಿ ಬಣ್ಣವೇ ಬದಲಾಗುತ್ತದೆ. ಹಾಗಾಗಿ ಬೆಳ್ಳಿಯ ಗಾಜನ್ನು ತಯಾರಿಸಿದ ದಿನವೇ ಅಳೆದು ಮುಗಿಸುತ್ತೇನೆ, ಕೊನೆಯ ಬಸ್ಸು ತಪ್ಪಿದರೂ.