ರಾಗಿ ಹಿಟ್ಟಿನ ಪೊಟ್ಟಣ

ಬಣ್ಣಾರಿಯಿಂದ ಬಸ್ಸು ಹತ್ತಿದರೆ 27 ತಿರುವು. ಅದಾದ ಮೇಲೆ ದಿಂಬಂ. ಮುಂದೆ ಹಾಸನೂರು, ತಾಳವಾಡಿ. ಈ ಬೆಟ್ಟದ ಸೀಮೆಯಲ್ಲಿ ಬಹಳ ಜನರ ಮನೆ ಮಾತು ಕನ್ನಡ. ಕಚೇರಿ ಮಾತು ತಮಿಳು. ಊಟಕ್ಕೆ ರಾಗಿ ಮುದ್ದೆ.

ನಿಮ್ಮ ಹೊಲದ ರಾಗಿಗೆ ನೀವು ಸರ್ಕಾರಿ ಗೊಬ್ಬರ ಹಾಕುವುದಿಲ್ಲ, ಔಷಧಿ ಹೊಡೆಯುವುದಿಲ್ಲ. ಅದನ್ನೇ ಹಿಟ್ಟು ಮಾಡಿ, ಪೊಟ್ಟಣ ಕಟ್ಟಿ, ಸತ್ಯಮಂಗಲದ ಅಂಗಡಿಗೆ ಕೊಟ್ಟರೆ ಹೇಗೆ?

"ಕಂಪನಿ ಅಂದ್ರೆ ದುಡ್ಡಿರೋರ ಕೆಲ್ಸ ಕಣಕ್ಕ" ಅನ್ನಬೇಡಿ. 2002ರಲ್ಲಿ ಕಾನೂನು ತಿದ್ದುಪಡಿ ಆಯಿತು. ಹತ್ತು ಜನ ರೈತರು ಸೇರಿದರೆ ಉತ್ಪಾದಕರ ಕಂಪನಿ ಮಾಡಬಹುದು. ಒಬ್ಬರದು ಹತ್ತು ಷೇರು, ಇನ್ನೊಬ್ಬರದು ಒಂದೇ ಷೇರು ಇರಬಹುದು. ಆದರೆ ಸಭೆಯಲ್ಲಿ ಇಬ್ಬರಿಗೂ ಒಂದೊಂದೇ ಓಟು.

ನೀಲಗಿರಿಯ ಕೋತಗಿರಿಯಲ್ಲಿ 2013ರಲ್ಲಿ ಇಂಥದೇ ಒಂದು ಕಂಪನಿ ಶುರುವಾಯಿತು. ಹೆಸರು ಆದಿಮಲೈ. ಷೇರುದಾರರು ಬೆಟ್ಟದ ಆದಿವಾಸಿ ಜನ, 1,600ಕ್ಕೂ ಹೆಚ್ಚು ಮಂದಿ. ಸಿರಿಧಾನ್ಯ, ಕಾಫಿ, ಮೆಣಸು, ಜೇನು ಮಾರುತ್ತಾರೆ. ನಮ್ಮ ಹಾಸನೂರಿನಲ್ಲೂ ಅದರ ಕೆಲಸ ನಡೆದಿದೆ. 2021ರಲ್ಲಿ ಅದಕ್ಕೆ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂತು.

ಈಗ ಲೆಕ್ಕ ನೋಡೋಣ. ಇವು ಕಲಿಯುವುದಕ್ಕಾಗಿ ಹಾಕಿದ ಅಂಕಿ. ಒಂದು ಕಿಲೋ ರಾಗಿಗೆ 50 ರೂಪಾಯಿ. ಕೇರಿ, ಕಲ್ಲು ಆರಿಸಿ, ಬೀಸಿಸಲು 10. ಕವರು, ಚೀಟಿಗೆ 6. ಬಸ್ಸಿನ ಲಗೇಜು 4. ಒಟ್ಟು 70. "75ಕ್ಕೆ ಮಾರಿದ್ರೆ 5 ರೂಪಾಯಿ ಲಾಭ" ಅಂದುಕೊಂಡಿರಾ? ತಪ್ಪು. ಪೊಟ್ಟಣ ಕಟ್ಟಿದ ನಿಮ್ಮ ಕೂಲಿ ಎಲ್ಲಿ ಹೋಯಿತು? ಮನೆ ಹೆಂಗಸರ ಕೂಲಿಯನ್ನು ಲೆಕ್ಕಕ್ಕೇ ಹಿಡಿಯದೆ ಲಾಭ ಬಂತು ಅನ್ನುವವರು ಬಹಳ. ಅದಕ್ಕೆ 10 ಸೇರಿಸಿ. ಅಸಲೇ 80 ಆಯಿತು.

ದಿಂಬಂ ಕಡೆ ಮಂಜು ಜಾಸ್ತಿ. ರಾಗಿ ಚೆನ್ನಾಗಿ ಒಣಗದಿದ್ದರೆ ಹಿಟ್ಟು ಗಂಟು ಕಟ್ಟುತ್ತದೆ, ಬೂಸಲು ಹಿಡಿಯುತ್ತದೆ. ಬಿಸಿಲು ಬಿದ್ದ ದಿನ ಬೇರೆ ಕೆಲಸ ಬಿಟ್ಟು ಒಣಹಾಕಿ. ಗಿರಣಿಯಲ್ಲಿ ನಿಮಗಿಂತ ಮೊದಲು ಬೇರೆಯವರ ಕಾಳು ಬೀಸಿದ್ದರೆ, ಮೊದಲು ಬರುವ ಒಂದೆರಡು ಕಿಲೋ ಹಿಟ್ಟನ್ನು ಬೇರೆ ತೆಗೆದಿಡಿ. ಅದನ್ನು ಮನೆಗೆ ಬಳಸಿ, ಪೊಟ್ಟಣಕ್ಕೆ ಹಾಕಬೇಡಿ.

ಒಂದು ದಿನ ಹೀಗಾಯಿತು ಅಂತ ಇಟ್ಟುಕೊಳ್ಳಿ. ಅಂಗಡಿಯವರು 50 ಕಿಲೋ ಕೇಳಿದರು. ನಿಮ್ಮಲ್ಲಿರುವುದು 30. ಪಕ್ಕದ ಹೊಲದಣ್ಣ ಬಂದ.

"ನನ್ನ ರಾಗಿ 20 ಕಿಲೋ ತಕ್ಕೊಳ್ಳಕ್ಕ. ಬೆರೆಸಿದ್ರೆ ಯಾರಿಗೆ ಗೊತ್ತಾಯ್ತದೆ?"

"ನೀನು ಯೂರಿಯಾ ಹಾಕಿದ್ದೆಯಲ್ಲಣ್ಣ."

"ಒಂದೇ ಸಲ ಕಣಕ್ಕ, ಅದೂ ಒಂಚೂರು."

ನೋಡುವುದಕ್ಕೆ ಎರಡೂ ಒಂದೇ ರಾಗಿ. ತಿಂದವರಿಗೂ ರುಚಿಯಲ್ಲಿ ತಿಳಿಯದು. ಆದರೆ ಆ ಅಣ್ಣ ಯೂರಿಯಾ ಹಾಕಿದ್ದು ನಿಮಗೆ ಗೊತ್ತು. 30 ಕಿಲೋ ಮಾತ್ರ ಕಳಿಸಿ. "ಇಷ್ಟೇ ಇದೆ" ಅಂತ ಅಂಗಡಿಗೆ ಫೋನು ಮಾಡಿ. ಆರ್ಡರು ಕೈತಪ್ಪಬಹುದು, ಆ ನಷ್ಟ ನಿಜ. ಆ ಅಣ್ಣನಿಗೂ ಬೇಜಾರಾಗಬಹುದು. ಅವನನ್ನು ನಿಮ್ಮ ಗುಂಪಿಗೆ ಕರೆಯಿರಿ.

ಈ ಗುಂಪು ಯಾವುದು? ಪಿ.ಜಿ.ಎಸ್. ಎಂಬ ಸರ್ಕಾರದ ಪದ್ಧತಿ ಇದೆ. ಅಕ್ಕಪಕ್ಕದ ರೈತರು, ಕಡೇ ಪಕ್ಷ ಐದು ಜನ, ಗುಂಪು ಕಟ್ಟಬೇಕು. ಒಬ್ಬರ ಹೊಲವನ್ನು ಇನ್ನೊಬ್ಬರು ಹೋಗಿ ನೋಡಬೇಕು, ನೋಡಿದ್ದನ್ನು ಬರೆಯಬೇಕು. ರಾಗಿಯಂಥ ಬೆಳೆಗೆ ಹೊಲ ಪೂರ್ತಿ ಸಾವಯವ ಅನ್ನಿಸಿಕೊಳ್ಳಲು ಎರಡು ವರ್ಷವಾದರೂ ಬೇಕು. ಅಂಗಡಿಗೆ ಕೊಟ್ಟು ಮಾರುವಾಗ ಚೀಟಿಯ ಮೇಲೆ "ಸಾವಯವ" ಎಂದು ಅಚ್ಚು ಹಾಕಲು ಪ್ರಮಾಣಪತ್ರ ಇರಲೇಬೇಕು.

ಚೀಟಿಯಲ್ಲಿ ಇನ್ನೂ ಇವು ಬೇಕು: ಪದಾರ್ಥದ ಹೆಸರು, ತೂಕ, ಬೆಲೆ, ಕಟ್ಟಿದ ದಿನ, ಎಷ್ಟು ದಿನದೊಳಗೆ ಬಳಸಬೇಕು, ವಿಳಾಸ. ಸಸ್ಯಾಹಾರ ಎಂದು ತೋರಿಸಲು ಹಸಿರು ಚೌಕದೊಳಗೆ ಹಸಿರು ಚುಕ್ಕಿ. ಆಹಾರ ಸುರಕ್ಷತಾ ಇಲಾಖೆಯಲ್ಲಿ ನೋಂದಣಿ ಮಾಡಿಸಿದರೆ 14 ಅಂಕಿಯ ನಂಬರು ಸಿಗುತ್ತದೆ, ಅದನ್ನೂ ಹಾಕಿ. ವಿವರ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇರಬೇಕು ಅನ್ನುತ್ತದೆ ಕಾನೂನು. ಜೊತೆಗೆ ಕನ್ನಡ, ತಮಿಳನ್ನೂ ಬರೆಸಬಹುದು. ಕನ್ನಡದಲ್ಲಿ ಬರೆಸಿದರೆ ತಪ್ಪಿದ್ದಲ್ಲಿ ನೀವೇ ಹಿಡಿಯಬಹುದು.

ಇನ್ನೊಂದು ಮಾತು. 2022ರಲ್ಲಿ ದಿಂಬಂ ಘಾಟಿಯಲ್ಲಿ ರಾತ್ರಿ ವಾಹನಗಳಿಗೆ ನಿರ್ಬಂಧ ಬಂತು. ಕಾಡುಪ್ರಾಣಿಗಳಿಗೆ ಅದು ಒಳ್ಳೆಯದು. ನೀವು ಸರಕನ್ನು ಹಗಲು ಬಸ್ಸಿಗೇ ಹಾಕಿ.

ಮಾಡಿ ನೋಡಿ: ಮನೆಯಲ್ಲಿರುವ ಯಾವುದಾದರೂ ತಿಂಡಿ ಪೊಟ್ಟಣ ತನ್ನಿ. ಹಸಿರು ಚುಕ್ಕಿ ಎಲ್ಲಿದೆ? ಕಟ್ಟಿದ ದಿನ ಯಾವುದು? 14 ಅಂಕಿ ಎಣಿಸಿ. ಆಮೇಲೆ ನಿಮ್ಮ ರಾಗಿ ಹಿಟ್ಟಿಗೆ ಒಂದು ಚೀಟಿ ಬರೆದು, ಪಕ್ಕದವರ ಕೈಲಿ ಓದಿಸಿ.