ದೋಷವೆಲ್ಲಿದೆ? – ಜಾಲತಾಣ ತೆರೆಯದಾಗ ನಡೆಸಬೇಕಾದ ಪರೀಕ್ಷೆ

ಮುಂಜಾನೆಯ ಮಂಜು ದಟ್ಟವಾಗಿ ಮುಸುಕಿದಾಗ ಮಧುಗಿರಿಯ ಏಕಶಿಲಾ ಬೆಟ್ಟವು ಪೇಟೆಯವರ ಕಣ್ಣಿಗೇ ಮರೆಯಾಗುವುದುಂಟು. ಹಾಗೆಂದು ಬೆಟ್ಟವೇ ಇಲ್ಲವೆಂದು ಯಾರೂ ಹೇಳುವುದಿಲ್ಲ. ಆದರೆ ಮೊಬೈಲಿನಲ್ಲಿ ಜಾಲತಾಣವೊಂದು ತೆರೆದುಕೊಳ್ಳದಿದ್ದರೆ ಮಾತ್ರ ನಾವು ಒಡನೆಯೇ ತೀರ್ಪು ಕೊಟ್ಟುಬಿಡುತ್ತೇವೆ. ಒಬ್ಬನು ‘ವೆಬ್‌ಸೈಟೇ ಕೆಟ್ಟಿದೆ’ ಎನ್ನುತ್ತಾನೆ. ಮತ್ತೊಬ್ಬನು ‘ನಮ್ಮೂರಿನ ನೆಟ್ಟೇ ಹೀಗೆ’ ಎನ್ನುತ್ತಾನೆ. ಇಬ್ಬರೂ ಪರೀಕ್ಷಿಸಿ ನುಡಿದವರಲ್ಲ.

ಈ ತಪ್ಪನ್ನು ನಾನೂ ಮಾಡಿದ್ದೇನೆ. ಕೆಲವು ವರ್ಷಗಳ ಹಿಂದೆ ವಿದ್ಯಾರ್ಥಿವೇತನದ ಅರ್ಜಿಗೆ ಕಡೆಯ ದಿನದಂದು ಬಡ ವಿದ್ಯಾರ್ಥಿಯೊಬ್ಬನು ತನ್ನ ತಂದೆಯೊಡನೆ ನನ್ನ ಬಳಿಗೆ ಬಂದನು. ಎರಡು ಸಲ ಯತ್ನಿಸಿದೆ; ಪುಟ ತೆರೆಯಲಿಲ್ಲ. ‘ತಾಣವೇ ನಿಂತಿದೆ, ನಾಳೆ ಬನ್ನಿ’ ಎಂದೆ. ಅವರು ನಂಬಿ ಹೊರಟುಹೋದರು. ಮರುದಿನ ತಿಳಿಯಿತು: ಅದೇ ಹೊತ್ತಿನಲ್ಲಿ ಬಸ್ ನಿಲ್ದಾಣದ ಬಳಿಯ ಅಂಗಡಿಯಲ್ಲಿ ಅದೇ ತಾಣದಲ್ಲಿ ಇತರರು ಅರ್ಜಿ ತುಂಬಿದ್ದರು. ಕೆಟ್ಟಿದ್ದುದು ನನ್ನ ಕೊಠಡಿಯ ವೈಫೈ. ಅದಕ್ಕಿಂತ ಹೆಚ್ಚಾಗಿ ನನ್ನ ತೀರ್ಮಾನ. ಹುಡುಗನಿಗೆ ಆ ವರ್ಷದ ವೇತನ ತಪ್ಪಿತು.

ನಮ್ಮ ತರ್ಕಶಾಸ್ತ್ರದಲ್ಲಿ ಅನ್ವಯ–ವ್ಯತಿರೇಕವೆಂಬ ಕ್ರಮವುಂಟು. ಒಂದು ಇದ್ದಾಗ ಮತ್ತೊಂದಿರುವುದು ಅನ್ವಯ. ಅದು ಇಲ್ಲದಾಗ ಇದೂ ಇಲ್ಲದಿರುವುದು ವ್ಯತಿರೇಕ. ಎರಡನ್ನೂ ನೋಡಿಯೇ ಕಾರಣವನ್ನು ನಿಶ್ಚಯಿಸಬೇಕು. ಪ್ರಕೃತ ವಿಷಯದಲ್ಲಿ ದೋಷಕ್ಕೆ ಮೂರು ನೆಲೆಗಳಿವೆ: ನಮ್ಮ ಉಪಕರಣ, ನಡುವಣ ದಾರಿ, ಅತ್ತಣ ತಾಣ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸುತ್ತ ಹೋದರೆ ದೋಷವು ತಾನಾಗಿಯೇ ಬಯಲಾಗುವುದು.

ಮೊದಲನೆಯದಾಗಿ, ಅದೇ ಫೋನಿನಲ್ಲಿ ಬೇರೆ ತಾಣಗಳನ್ನು ತೆರೆದು ನೋಡಬೇಕು. ಹಿಂದೆ ಕಂಡ ಪುಟವು ಫೋನಿನಲ್ಲೇ ಉಳಿದಿದ್ದು ಮತ್ತೆ ಕಾಣಿಸಬಹುದಾದುದರಿಂದ, ಎಂದೂ ತೆರೆಯದ ಪುಟವನ್ನು ಆರಿಸಿಕೊಳ್ಳುವುದು ಲೇಸು. ಯಾವುದೂ ತೆರೆಯದಿದ್ದರೆ ದೋಷವು ಬಹುಮಟ್ಟಿಗೆ ನಮ್ಮ ಕಡೆಯದೇ. ಡೇಟಾ ಮುಗಿದಿದೆಯೇ, ಏರೋಪ್ಲೇನ್ ಮೋಡ್ ಒತ್ತಿಹೋಗಿದೆಯೇ ಎಂದು ಪರಿಶೀಲಿಸಬೇಕು. ಫೋನಿನ ದಿನಾಂಕ ತಪ್ಪಿದ್ದರೂ ಸುರಕ್ಷಿತ ತಾಣಗಳು ಎಚ್ಚರಿಕೆ ತೋರಿಸಿ ನಿಲ್ಲುವುದುಂಟು.

ಎರಡನೆಯದಾಗಿ, ದಾರಿಯನ್ನು ಬದಲಿಸಬೇಕು. ವೈಫೈ ಆರಿಸಿ ಮೊಬೈಲ್ ಡೇಟಾದಿಂದ ಅದೇ ತಾಣವನ್ನು ತೆರೆಯಿರಿ. ತೆರೆದರೆ ತಾಣವು ಸುಸ್ಥಿತಿಯಲ್ಲಿದೆ. ಕುಂದು ವೈಫೈ ದಾರಿಯದು. ನಾನು ಅಂದು ಮಾಡಬೇಕಾಗಿದ್ದುದು ಇಷ್ಟೇ.

ಮೂರನೆಯದಾಗಿ, ಸಾಕ್ಷಿಗಳನ್ನು ಕೇಳಬೇಕು. ಪಕ್ಕದಲ್ಲಿ ಕುಳಿತು ಅದೇ ವೈಫೈ ಬಳಸುವವನು ಬೇರೆ ಸಾಕ್ಷಿಯಲ್ಲ. ಮಧುಗಿರಿಯವರು ಪಾವಗಡದ ಗೆಳೆಯನನ್ನೂ ಶಿರಾದ ಬಂಧುವನ್ನೂ ಫೋನಿನಲ್ಲಿ ಕೇಳಲಿ. ಅವರು ಬೇರೆ ಬೇರೆ ಕಂಪನಿಯ ಸಿಮ್ ಬಳಸುವವರಾದರೆ ಇನ್ನೂ ಒಳ್ಳೆಯದು. ಉಳಿದ ತಾಣಗಳೆಲ್ಲ ತೆರೆದು ಇದೊಂದು ಮಾತ್ರ ಯಾರಿಗೂ ತೆರೆಯದಿದ್ದರೆ, ಆಗ ತಾಣದಲ್ಲೇ ದೋಷವೆನ್ನಬಹುದು.

ಪರದೆಯ ಮೇಲಣ ಸಂಖ್ಯೆಗಳಿಗೂ ಅರ್ಥವುಂಟು. 404 ಎಂದರೆ ಕೇಳಿದ ಪುಟವು ಅಲ್ಲಿಲ್ಲವೆಂದು ಅತ್ತಣ ಯಂತ್ರವು ಉತ್ತರಿಸಿದೆ. ವಿಳಾಸದ ಕಾಗುಣಿತವನ್ನು ನೋಡಿಕೊಳ್ಳಬೇಕು. 500, 503 ಎಂಬವು ಸಾಮಾನ್ಯವಾಗಿ ಆ ಕಡೆಯ ತೊಂದರೆಯನ್ನೋ ನೂಕುನುಗ್ಗಲನ್ನೋ ಸೂಚಿಸುತ್ತವೆ. ಉತ್ತರ ಬಂದಿತೆಂದಮೇಲೆ ನಮ್ಮ ದಾರಿ ತೆರೆದಿದೆಯೆಂದೇ ತಿಳಿಯಬೇಕು.

ದೊಡ್ಡವರ ಮನೆಯಲ್ಲೂ ದೀಪ ಆರುವುದುಂಟು. 2021ರ ಅಕ್ಟೋಬರ್ 4ರ ರಾತ್ರಿ ನಮ್ಮಲ್ಲಿ ಒಂಬತ್ತು ಗಂಟೆ ಕಳೆದ ಮೇಲೆ ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಮ್ ಮೂರೂ ಜಗತ್ತಿನಾದ್ಯಂತ ಸುಮಾರು ಆರು ಗಂಟೆಗಳ ಕಾಲ ನಿಂತುಹೋದವು. ಕಂಪನಿಯ ಒಳಜಾಲದ ದುರಸ್ತಿಯಲ್ಲಿ ಆದ ತಪ್ಪೇ ಅದಕ್ಕೆ ಕಾರಣ. ನಾವು ಬರೆಯುವ ಹೆಸರನ್ನು ಯಂತ್ರಗಳ ಸಂಖ್ಯಾವಿಳಾಸಕ್ಕೆ ತಿರುಗಿಸಿಕೊಡುವ ಡಿಎನ್‌ಎಸ್ ಎಂಬ ವ್ಯವಸ್ಥೆಯೊಂದುಂಟು, 1983ರಲ್ಲಿ ರೂಪುಗೊಂಡುದು. ಅದರಲ್ಲಿ ಆ ಕಂಪನಿಯ ಹೆಸರುಗಳನ್ನು ಹೇಳಬೇಕಾದ ಯಂತ್ರಗಳೇ ಅಂದು ಹೊರಜಗತ್ತಿಗೆ ಸಿಗದಾದವು. ಫೋನನ್ನು ಎಷ್ಟು ಸಲ ಆರಿಸಿ ಹಚ್ಚಿದರೂ ಫಲವಿರಲಿಲ್ಲ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಸೇರಿದ ನಮ್ಮ ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಮಕ್ಕಳಿಗೆ ಈ ವಿವೇಕವು ಹೆಚ್ಚಾಗಿ ಬೇಕಾಗುವುದು ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ. 2024ರ ಮೇ 9ರಂದು ಫಲಿತಾಂಶ ಹೊರಬಿದ್ದಾಗ ರಾಜ್ಯದಲ್ಲಿ ಪರೀಕ್ಷೆ ಬರೆದು ಕಾದಿದ್ದವರು 8 ಲಕ್ಷಕ್ಕೂ ಅಧಿಕ. ಇಷ್ಟು ಮಂದಿ ಒಂದೇ ಬಾಗಿಲಿಗೆ ಒಟ್ಟಿಗೆ ಬಂದರೆ ಯಾವ ತಾಣವಾದರೂ ತಡವರಿಸಬಹುದು. ಮತ್ತೆ ಮತ್ತೆ ಒತ್ತಿದರೆ ನುಗ್ಗಲು ಬೆಳೆಯುವುದೇ ಹೊರತು ಬಾಗಿಲು ಬೇಗ ತೆರೆಯದು. ಪುಟ ಕಾಣಲಿಲ್ಲವೆಂದರೆ ಅನುತ್ತೀರ್ಣರಾದೆವೆಂದು ಅರ್ಥವಲ್ಲ. ಬರೆದ ಅಂಕಗಳು ಅಲ್ಲಿ ಇದ್ದಂತೆಯೇ ಇರುತ್ತವೆ. ಅರ್ಧ ಗಂಟೆ ತಾಳಿ ನೋಡುವುದರಿಂದ ನಷ್ಟವಿಲ್ಲ.

ಅರ್ಜಿಯ ಕಡೆಯ ದಿನವಾದರೋ ತಾಳ್ಮೆಯೊಂದೇ ಸಾಲದು. ಮೇಲಣ ಮೂರು ಪರೀಕ್ಷೆಗಳನ್ನೂ ನಡೆಸಿ, ತಾಣವೇ ನಿಂತಿದ್ದರೆ ದಿನಾಂಕ ಮತ್ತು ವೇಳೆ ಕಾಣುವಂತೆ ಪರದೆಯ ಚಿತ್ರ ತೆಗೆದಿಟ್ಟು, ಮುಖ್ಯೋಪಾಧ್ಯಾಯರಿಗೆ ಅಂದೇ ತಿಳಿಸಬೇಕು. ಸಾಧ್ಯವಾದಷ್ಟೂ ಕಡೆಯ ದಿನದವರೆಗೆ ಕಾಯದಿರುವುದೇ ಮೇಲು.

ವಿದ್ಯಾರ್ಥಿಗಳೇ, ಪರರನ್ನು ದೂರುವ ಮುನ್ನ ನಮ್ಮನ್ನು ಪರೀಕ್ಷಿಸಿಕೊಳ್ಳುವುದು ವಿನಯ. ಪರೀಕ್ಷಿಸದೆ ನಮ್ಮನ್ನೇ ಹಳಿದುಕೊಳ್ಳದಿರುವುದು ವಿವೇಕ. ಇವೆರಡೂ ನಿಮ್ಮಲ್ಲಿ ನೆಲೆಗೊಳ್ಳಲಿ. ನನ್ನ ಅವಸರದಿಂದ ಆ ಹುಡುಗನಿಗಾದ ನಷ್ಟವು ನಿಮ್ಮಿಂದ ಮತ್ತಾರಿಗೂ ಆಗದಿರಲಿ.