ಸೂರ್ಯಪಾನದ ಮೇಲೆ ಹಾಡು ಕಟ್ಟುವವರಿಗೆ

ಬಳ್ಳಾರಿಯಲ್ಲಿ ಜಾತ್ರೆ ವೇದಿಕೆಗೆ, ಆಲ್ಬಮ್ಮಿಗೆ ಹಾಡು ಬರೆಯುತ್ತಾ ಕಲಿತದ್ದಿಷ್ಟು.

1. ಹೆಸರು ಹಳೇದಾಯಿತೆಂದು ಹಿಂಜರಿಯಬೇಡಿ. ನಮ್ಮ ಸೂರ್ಯಪಾನವೆಂದರೆ ಸೂರ್ಯಕಾಂತಿಯೇ. ಜಪಾನಿನಲ್ಲಿ ಅದಕ್ಕೆ 'ಹಿಮವಾರಿ' ಎನ್ನುತ್ತಾರೆ. 2014ರಲ್ಲಿ ಡೊರೇಮಾನ್ ಚಿತ್ರಕ್ಕೆ ಮೊತೊಹಿರೊ ಹಾತಾ ಹಾಡಿದ ಹಾಡಿನ ಹೆಸರಲ್ಲಿ ಅದಿತ್ತು. 2017ರಲ್ಲಿ ಮಿಸ್ಟರ್ ಚಿಲ್ಡ್ರನ್ ತಂಡವೂ ತನ್ನ ಹಾಡಿಗೆ ಅದೇ ಹೂವಿನ ಹೆಸರಿಟ್ಟಿತು. ನಮ್ಮಲ್ಲಿ ಮಲ್ಲಿಗೆ, ಸಂಪಿಗೆ ಸವೆದಿವೆಯೇ?

2. ಹೂವಿಗೊಂದು ಕಾಲ ಕೊಡಿ. ಜಪಾನಿನಲ್ಲಿ ಅದು ಜುಲೈ-ಆಗಸ್ಟ್‌ನ ಹೂ. ಹೆಸರು ಹೇಳಿದರೆ ಸಾಕು, ಶಾಲೆ ರಜೆ, ಸೆಕೆ, ಪಟಾಕಿಯ ರಾತ್ರಿ ಎಲ್ಲಾ ಬಂದುಬಿಡುತ್ತದೆ. ನಮ್ಮಲ್ಲಿ ಹಾಗಲ್ಲ. ಹಗಲು ಉದ್ದವೋ ಗಿಡ್ಡವೋ ಈ ಬೆಳೆಗೆ ಲೆಕ್ಕವಿಲ್ಲ. ಮುಂಗಾರಿ, ಹಿಂಗಾರಿ, ನೀರಿದ್ದರೆ ಬೇಸಿಗೆಗೂ ಬಿತ್ತುತ್ತಾರೆ. ಸಿರುಗುಪ್ಪದ ಕಡೆ ಹೊಳೆ ದಂಡೆಯ ಭತ್ತ ದಾಟಿ ಎರೆಹೊಲಕ್ಕೆ ಬಂದರೆ ಹಳದಿ ಯಾವಾಗ ಬೇಕಾದರೂ ಕಂಡೀತು. ಹಾಗಾಗಿ ಬರೀ "ಸೂರ್ಯಪಾನ ಅರಳಿತು" ಎಂದರೆ ಕೇಳುವವನಿಗೆ ಏನೂ ನೆನಪಾಗುವುದಿಲ್ಲ. ನಾನು ಪಕ್ಕದ ಹೊಲದ ಬಿಳಿಜೋಳ, ಬೆಳಗಿನ ಚಳಿ ಸೇರಿಸಿ ಹಿಂಗಾರಿ ಮಾಡುತ್ತೇನೆ.

3. ಮುಡಿಸಲು ಹೋಗಬೇಡಿ. ಮಲ್ಲಿಗೆ ಜಡೆಯಿಂದ, ದೇವರ ತಲೆಯಿಂದ ಹಾಡಿಗೆ ಬಂತು. ಸೂರ್ಯಪಾನ 1969ರಲ್ಲಿ ರಷ್ಯಾದಿಂದ ಎಣ್ಣೆಕಾಳಾಗಿ ನಮ್ಮ ದೇಶಕ್ಕೆ ಬಂದದ್ದು. ಅದರ ಮಾತು ಕ್ವಿಂಟಲಿನಲ್ಲಿ. 2010ರ 'ಸೂರ್ಯಕಾಂತಿ' ಸಿನಿಮಾಕ್ಕೆ ಇಳಯರಾಜ ಸಂಗೀತವಿತ್ತು, ಆದರೆ ಹೊಲದ ಕಥೆಯಲ್ಲ. ಜೇನು, ಗಿಳಿ ಓಡಿಸುವ ಹುಡುಗ, ಕಾಳು ಬಡಿಯುವ ಹೆಣ್ಣುಮಕ್ಕಳು ಇನ್ನೂ ಹಾಡಿಗಾಗಿ ಕಾದಿದ್ದಾರೆ.

4. ಕುರುಗೋಡಿನಲ್ಲಿ ಹಾಡುವಾಗ ಹುಷಾರು. "ದಿನವಿಡೀ ನಿನ್ನ ಕಡೆಗೇ ತಿರುಗುವೆ" ಎಂದು ಅರಳಿದ ಹೂವಿನ ಬಾಯಲ್ಲಿ ಹೇಳಿಸಿದರೆ ಮುಂದೆ ಕೂತ ರೈತರು ನಗುತ್ತಾರೆ. ಸೂರ್ಯನ ಹಿಂದೆ ತಿರುಗುವುದು ಎಳೆಯ ಗಿಡ, ಮೊಗ್ಗು. ಪೂರಾ ಅರಳಿದ ಮೇಲೆ ಮೂಡಣಕ್ಕೇ ಮುಖ. ಕಾಳು ತುಂಬಿದರೆ ತಲೆ ಬಾಗುತ್ತದೆ. ಸುಳ್ಳಿಗಿಂತ ಈ ನಿಜದಲ್ಲೇ ಪ್ರೇಮ ಜಾಸ್ತಿ: ಹರೆಯದಲ್ಲಿ ತಿರುಗಾಟ, ಆಮೇಲೆ ಒಂದೇ ದಿಕ್ಕು.

5. ವಿರಹದ ಹಾಡು ಬೇಕೆಂದು ಬಂದವರಿಗೆ ಮೊದಲು ಹೆನ್ರಿ ಮ್ಯಾನ್ಸಿನಿಯ ಟ್ಯೂನ್ ಕೇಳಿಸುತ್ತೇನೆ. 1970ರಲ್ಲಿ ಡಿ ಸಿಕಾ ನಿರ್ದೇಶಿಸಿದ ಸಿನಿಮಾದ್ದು. ಯುದ್ಧಕ್ಕೆ ಹೋಗಿ ಬಾರದ ಗಂಡನನ್ನು ಹುಡುಕುತ್ತಾ ಹೆಂಡತಿ ಸೋವಿಯತ್ ನೆಲದ ಸೂರ್ಯಕಾಂತಿ ಹೊಲಗಳಿಗೆ ಹೋಗುತ್ತಾಳೆ. ಜಪಾನಿನವರು ಆ ಚಿತ್ರವನ್ನು ಬಹಳ ಹಚ್ಚಿಕೊಂಡರು. ನಮ್ಮ ಬೀಜ ಬಂದದ್ದೂ ಆ ಸೋವಿಯತ್ ನೆಲದಿಂದಲೇ.

6. ರೇಟಿನ ಮಾತು ಪಲ್ಲವಿಯಲ್ಲಿ ಬೇಡ, ಕೊನೇ ಚರಣಕ್ಕಿಡಿ. ಪಲ್ಲವಿಯಲ್ಲೇ ಬಂದರೆ ಜನ ಹಾಡು ಬಿಟ್ಟು ಮಾರ್ಕೆಟ್ಟಿನ ಚರ್ಚೆಗೆ ಇಳಿಯುತ್ತಾರೆ.